ಪಾದ್ರಿ ಎಡವಿದ ಕಥೆ: ಈ ಎರಡರಲ್ಲಿ ಯಾವುದನ್ನು ನೋಡಬೇಕು?

ಒಂದೇ ಸಂಜೆ ಬಿಡುವಿದ್ದರೆ 1994ರ ಬ್ರಿಟಿಷ್ ಚಿತ್ರ ‘ಪ್ರೀಸ್ಟ್’ ನೋಡಿ. ಲಿವರ್‌ಪೂಲ್‌ನ ಯುವ ಪಾದ್ರಿ ಗ್ರೆಗ್‌ಗೆ ಒಬ್ಬ ಗಂಡಸಿನ ಮೇಲೆ ಪ್ರೀತಿ. ಅದನ್ನು ಮುಚ್ಚಿಡಬೇಕು. ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿದೆ. ತಂದೆಯೇ ತನ್ನನ್ನು ಹಿಂಸಿಸುತ್ತಿದ್ದಾನೆ ಎಂದು ಒಬ್ಬ ಹುಡುಗಿ ಪಾಪನಿವೇದನೆಯಲ್ಲಿ, ಅಂದರೆ ಪಾದ್ರಿಯೆದುರು ಗುಟ್ಟಾಗಿ ತಪ್ಪೊಪ್ಪಿಕೊಳ್ಳುವ ಹೊತ್ತಿನಲ್ಲಿ, ಗ್ರೆಗ್‌ಗೆ ಹೇಳುತ್ತಾಳೆ. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ. ಸುಮ್ಮನಿರುವುದೇ ತಪ್ಪು ಅನ್ನಿಸಿದಾಗ ಏನು ಮಾಡುವುದು? ಆ ಒದ್ದಾಟ ನನ್ನನ್ನು ಇನ್ನೂ ಬಿಟ್ಟಿಲ್ಲ.

2002ರ ಮೆಕ್ಸಿಕೋ ಚಿತ್ರ ‘ಎಲ್ ಕ್ರಿಮೆನ್ ದೆಲ್ ಪಾದ್ರೆ ಅಮಾರೊ’ ಬೇರೆ ತರಹ. ಯುವ ಪಾದ್ರಿ ಅಮಾರೊಗೆ ಹುಡುಗಿಯೂ ಬೇಕು, ಚರ್ಚಿನಲ್ಲಿ ಸ್ಥಾನವೂ ಬೇಕು. ಬೆಲೆ ತೆರುವವಳು ಮಾತ್ರ ಅವಳು. ಹಿರಿಯ ಪಾದ್ರಿ ಡ್ರಗ್ಸ್ ದಂಧೆಯ ಹಣದಲ್ಲಿ ಆಸ್ಪತ್ರೆ ಕಟ್ಟಿಸುತ್ತಿದ್ದಾನೆ. ಒಬ್ಬನ ತಪ್ಪಿಗಿಂತ ಇಡೀ ವ್ಯವಸ್ಥೆ ಕೆಟ್ಟಿರುವುದನ್ನು ನೋಡಬೇಕೆಂದರೆ ಇದೇ ಸರಿ. ಅಮಾರೊ ಪಾತ್ರದಲ್ಲಿ ಗಯೆಲ್ ಗಾರ್ಸಿಯಾ ಬರ್ನಾಲ್ ಚೆನ್ನಾಗಿ ನಟಿಸಿದ್ದಾರೆ. ಆದರೂ ಅಮಾರೊ ಮೇಲೆ ನನಗೆ ಕರುಣೆ ಹುಟ್ಟಲಿಲ್ಲ. ಗ್ರೆಗ್‌ಗಾಗಿ ಕಣ್ಣು ತುಂಬಿತ್ತು.