20, 24, 27: ಕಲಬುರಗಿಯ ಬೇಸಿಗೆಯಲ್ಲಿ ಒಂದು ಏಸಿ

ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟಿದರೆ ನಮ್ಮ ಮನೆಯಲ್ಲಿ ರಿಮೋಟಿನ ಜಗಳ ಶುರು. ಮಗನಿಗೆ 20 ಬೇಕು, ನನಗೆ 24 ಸಾಕು, ಅತ್ತೆಗೆ ಏಸಿಯೇ ಬೇಡ. ಮಾತಿನಲ್ಲಿ ಬಗೆಹರಿಯದ್ದನ್ನು ಮೀಟರಿಗೆ ಒಪ್ಪಿಸಿದೆ. ಒಂದೂವರೆ ಟನ್ನಿನ ಇನ್ವರ್ಟರ್ ಏಸಿ, ನೆತ್ತಿಯ ಮೇಲೆ ಬರೀ ಕಾಂಕ್ರೀಟ್ ತಾರಸಿ, ರಾತ್ರಿ 10ರಿಂದ ಬೆಳಿಗ್ಗೆ 6, ಒಂದೊಂದು ಅಂಕಿಗೆ ಮೂರು ರಾತ್ರಿ.

20ಕ್ಕೆ ರಾತ್ರಿಗೆ ಸುಮಾರು 9 ಯೂನಿಟ್ ಓಡಿತು. ಕೋಣೆ ಮಾತ್ರ 20ಕ್ಕೆ ಇಳಿಯಲೇ ಇಲ್ಲ. ಗೋಡೆಯ ಥರ್ಮಾಮೀಟರ್ 23ರ ಆಸುಪಾಸಿನಲ್ಲೇ ನಿಂತಿತ್ತು. ಹಗಲೆಲ್ಲ ಕಾದ ತಾರಸಿ ನಡುರಾತ್ರಿಯವರೆಗೂ ಬಿಸಿ ಸುರಿಸುವಾಗ ಕಂಪ್ರೆಸರ್‌ಗೆ ದಣಿವಾರಿಸಿಕೊಳ್ಳಲು ಬಿಡುವೆಲ್ಲಿ? ಕಡಿಮೆ ಅಂಕಿ ಇಟ್ಟರೆ ಬೇಗ ತಂಪಾಗುತ್ತದೆ ಎಂಬ ಮಗನ ವಾದವೂ ಸುಳ್ಳಾಯಿತು. ಥರ್ಮೋಸ್ಟಾಟ್ ಎಲ್ಲಿ ನಿಲ್ಲಬೇಕೆಂದಷ್ಟೇ ಹೇಳುತ್ತದೆ; ಮೊದಲ ಅರ್ಧ ಗಂಟೆ 20ಕ್ಕೂ 24ಕ್ಕೂ ಯಂತ್ರ ಒಂದೇ ಸಮನೆ ದುಡಿಯಿತು.

24ಕ್ಕೆ 7 ಯೂನಿಟ್. 2020ರ ಜನವರಿಯಿಂದ ನಮ್ಮ ದೇಶದ ಸ್ಟಾರ್ ಗುರುತಿನ ಏಸಿಗಳು ಮೊದಲೇ ಈ ಅಂಕಿಗೆ ಹೊಂದಿಸಿ ಬರುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬ ಇಂಧನ ದಕ್ಷತಾ ಬ್ಯೂರೊದ ಲೆಕ್ಕ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ತಾಳೆಯಾಯಿತು.

ಗೆದ್ದದ್ದು 27, ಜೊತೆಗೆ ನಿಧಾನವಾಗಿ ತಿರುಗುವ ಸೀಲಿಂಗ್ ಫ್ಯಾನ್. ಫ್ಯಾನಿನ ಅರ್ಧ ಯೂನಿಟ್ ಸೇರಿಯೂ ಐದೂವರೆ. ಆ ಮೂರು ರಾತ್ರಿ ಏಸಿಯ ಅಂಕಿಯ ಮೇಲೆ ಕಾಗದ ಅಂಟಿಸಿ, ರಿಮೋಟನ್ನು ದಿಂಬಿನಡಿ ಇಟ್ಟುಕೊಂಡಿದ್ದೆ. ಬೆಳಿಗ್ಗೆ ಮಗ, "22 ಇಟ್ಟಿದ್ದೆಯಲ್ಲವೇ?" ಎಂದ. ಬೆವರಿದ ಮೈಗೆ ಗಾಳಿ ತಾಗಿದರೆ ಸಾಕು, ಎರಡು ಮೂರು ಡಿಗ್ರಿಯ ವ್ಯತ್ಯಾಸ ಮೈಗೆ ತಿಳಿಯುವುದಿಲ್ಲ.

ಅತ್ತೆಯ ಪಕ್ಷ ಕೂಲರಿನದು. ಇಲ್ಲಿನ ಒಣ ಬಿಸಿಲಿಗೆ ಅದು ಹೇಳಿ ಮಾಡಿಸಿದ್ದು, ಕರೆಂಟೂ ಕಡಿಮೆ. ಆದರೆ ನೀರಿಗೇ ತತ್ವಾರವಿರುವ ದಿನಗಳಲ್ಲಿ ಕೊಡಗಟ್ಟಲೆ ಕುಡಿಯುತ್ತದೆ. ಮೋಡ ಕವಿದ ಸಂಜೆ ತಂಪಿನ ಬದಲು ಜಿಗುಟು ಕೊಡುತ್ತದೆ.

"ಆರಿಸಿ ಹೊತ್ತಿಸುವುದಕ್ಕಿಂತ ದಿನವಿಡೀ 28ಕ್ಕೆ ಬಿಡುವುದೇ ಅಗ್ಗ" ಎಂದಿದ್ದರು ಪಕ್ಕದ ಮನೆಯವರು. ಅದನ್ನೂ ನೋಡಿದೆ. ಮನೆಯಲ್ಲಿ ಯಾರೂ ಇಲ್ಲದ ಹಗಲು ಆರಿಸಿಟ್ಟದ್ದೇ ಅಗ್ಗವಾಯಿತು. ಸಂಜೆ ಕೋಣೆ ತಣಿಯಲು ಒಂದು ಗಂಟೆ ಕಾಯಬೇಕು, ಅಷ್ಟೇ.

ಕೊನೆಯ ವಾರ ತಾರಸಿಗೆ ಎರಡು ಸಲ ಸುಣ್ಣ ಬಳಿಸಿದೆ. ಅದೇ 27, ಅದೇ ಫ್ಯಾನ್. ರಾತ್ರಿಗೆ ಇನ್ನೂ ಒಂದು ಯೂನಿಟ್ ಇಳಿಯಿತು. ಈ ಕೆಲಸವನ್ನು ಮಾರ್ಚ್‌ನಲ್ಲೇ ಮಾಡಿಸಬೇಕಿತ್ತು.