ಹಿತ್ತಲಿನ ಹಮ್ಮಿಂಗ್‌ಬರ್ಡ್‌ಗೆ ಎಫ್8 ಸಾಕೇ? ಕ್ಯಾನನ್ 100-400 ಜೊತೆ ಮೂರು ವರ್ಷ

ಕ್ಯಾನನ್ ಆರ್‌ಎಫ್ 100-400 ಎಂಎಂ ಎಫ್5.6-8 ಲೆನ್ಸ್ ಕೊಂಡು ಮೂರು ವರ್ಷ ಆಯ್ತು. ಕ್ಯಾಮೆರಾ ಬಾಡಿ ಕ್ಯಾನನ್ ಆರ್7. ಎಫ್ ಅಂದರೆ ಲೆನ್ಸ್ ಕಿಂಡಿಯ ಅಳತೆ: ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು, ಬೆಳಕು ಕಡಿಮೆ, ಫೋಕಸ್‌ಗೆ ಸಿಗುವ ಆಳ ಹೆಚ್ಚು. ಇದರಲ್ಲಿ ನಾನು ತೆಗೆದಿದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ನಮ್ಮ ಹಿತ್ತಲಿಗೆ ಬರುವ ಆನಾಸ್ ಹಮ್ಮಿಂಗ್‌ಬರ್ಡ್‌ಗಳನ್ನೇ. ಇವು ವರ್ಷಪೂರ್ತಿ ಇಲ್ಲೇ ಇರುತ್ತವೆ.

"ಎಫ್8 ಅಂದ್ರೆ ಬೆಳಕೇ ಸಾಲಲ್ಲ, ತಗೋಬೇಡ" ಅಂತ ಗೆಳೆಯರು ಹೇಳಿದ್ದರು. ಈ ಹಕ್ಕಿಯ ಮಟ್ಟಿಗೆ ನಾನದನ್ನು ಒಪ್ಪೋದಿಲ್ಲ. ಉದ್ದ ಹತ್ತು ಸೆಂಟಿಮೀಟರ್, ತೂಕ ಸುಮಾರು 4 ಗ್ರಾಂ, ಅಂದರೆ ಒಂದು ಟೀ ಚಮಚ ಸಕ್ಕರೆಯಷ್ಟು. ಫ್ರೇಮ್ ತುಂಬಬೇಕಾದರೆ ಎರಡು ಮೀಟರ್ ಹತ್ತಿರ ಹೋಗಲೇಬೇಕು. ಅಷ್ಟು ಹತ್ತಿರದಲ್ಲಿ, 400 ಎಂಎಂ ಜೂಮ್‌ನಲ್ಲಿ, ಎಫ್8 ಇಟ್ಟರೂ ಫೋಕಸ್‌ಗೆ ಸಿಗುವುದು ಒಂದು ಸೆಂಟಿಮೀಟರ್ ಆಳ. ಕಣ್ಣು ಸ್ಪಷ್ಟವಾಗಿ ಬಂದರೆ ಕೊಕ್ಕಿನ ತುದಿ ಮಸುಕು. ದುಬಾರಿ ಲೆನ್ಸ್ ಕೈಯಲ್ಲಿದ್ದರೂ ಇಲ್ಲಿ ನಾನು ಎಫ್8ಗೇ ಇಳಿಸುತ್ತಿದ್ದೆ. 400ರಲ್ಲಿ ಸುಮಾರು ಒಂದು ಮೀಟರ್‌ನಷ್ಟು ಹತ್ತಿರದಲ್ಲೂ ಫೋಕಸ್ ಆಗುವುದೇ ಇದರ ದೊಡ್ಡ ಗುಣ. ತೂಕ 635 ಗ್ರಾಂ. ಅರ್ಧ ಗಂಟೆ ಕೈಯಲ್ಲಿ ಹಿಡಿದು ನಿಂತರೂ ತೋಳು ಸೋಲುವುದಿಲ್ಲ.

ಮೊದಲ ವರ್ಷ ತಪ್ಪಿದ್ದು ನಾನೇ. ಸಕ್ಕರೆ ನೀರಿನ ಫೀಡರನ್ನು ಮಾಡಿನ ನೆರಳಲ್ಲಿ ನೇತು ಹಾಕಿದ್ದೆ. ರೆಕ್ಕೆ ಸೆಕೆಂಡಿಗೆ 40 ಸಲ ಬಡಿಯುವ ಹಕ್ಕಿಗೆ 1/3200 ಸೆಕೆಂಡಿನ ಶಟರ್ ಬೇಕು, ನೆರಳಲ್ಲಿ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸಂವೇದನೆ) 6400 ದಾಟುತ್ತಿತ್ತು, ಗರಿಯೆಲ್ಲ ನಾಯ್ಸ್, ಅಂದರೆ ಕಾಳುಕಾಳು. ಫೀಡರನ್ನು ಬೆಳಗಿನ ಬಿಸಿಲಿಗೆ ತಂದೆ. ಅದೇ ಶಟರ್‌ಗೆ ಐಎಸ್‌ಒ 800 ಸಾಕಾಯ್ತು. ಬಿಸಿಲಲ್ಲಿ ಸಕ್ಕರೆ ನೀರು ಬೇಗ ಹುಳಿಯುತ್ತದೆ, ಆದ್ದರಿಂದ ಎರಡು ದಿನಕ್ಕೊಮ್ಮೆ, ಸೆಕೆಯಲ್ಲಿ ದಿನವೂ ಬದಲಿಸಿ. ಒಂದು ಪಾಲು ಸಕ್ಕರೆಗೆ ನಾಲ್ಕು ಪಾಲು ನೀರು, ಬಣ್ಣ ಮಾತ್ರ ಹಾಕಲೇಬೇಡಿ. ಗುಟುಕು ಹೀರಿದ ಮೇಲೆ ಹಕ್ಕಿ ತುಸು ಹಿಂದೆ ಸರಿದು ಗಾಳಿಯಲ್ಲೇ ನಿಲ್ಲುತ್ತದೆ. ಕ್ಲಿಕ್ ಮಾಡಬೇಕಾದ್ದು ಆಗ.

ಸೂರ್ಯ ನಿಮ್ಮ ಬೆನ್ನಿಗಿರಲಿ. ಗಂಡಿನ ಕೊರಳು ಬದಿಯಿಂದ ನೋಡಿದರೆ ಬರೀ ಕಪ್ಪು. ಬಣ್ಣ ಇರುವುದು ಗರಿಯ ರಚನೆಯಲ್ಲಿ, ಬೆಳಕು ಸರಿಯಾದ ಕೋನದಲ್ಲಿ ಬಿದ್ದಾಗಲೇ ಅದು ಕಾಣುವುದು. ಒಂದು ಜನವರಿ ಬೆಳಿಗ್ಗೆ ನಿಂಬೆ ಗಿಡದ ಮೇಲೆ ಕೂತಿದ್ದ ಗಂಡು ನನ್ನತ್ತ ಕತ್ತು ತಿರುಗಿಸಿತು. ನೆತ್ತಿಯಿಂದ ಗಂಟಲವರೆಗೆ ರೇಷ್ಮೆ ಸೀರೆಯ ರಾಣಿ ಬಣ್ಣ! ಶಿವಮೊಗ್ಗದಿಂದ ಬಂದಿದ್ದ ಅಮ್ಮ ಕಿಟಕಿಯಿಂದಲೇ, "ನಮ್ಮ ಸೂರಕ್ಕಿ ಅಲ್ವೇನೋ ಇದು?" ಅಂದರು. ಅದು ಹಾರಿ ಬಂದು ಫೀಡರ್ ಮುಂದೆ ನಿಂತಲ್ಲೇ ನಿಂತಾಗ, "ಅಲ್ಲ ಕಣೋ, ಸೂರಕ್ಕಿ ಕೂತ್ಕೊಂಡೇ ಕುಡಿಯೋದು ಜಾಸ್ತಿ" ಅಂತ ತಾವೇ ತಿದ್ದಿಕೊಂಡರು.

ಕಬಿನಿಯ ಸಂಜೆ ಸಫಾರಿಗೆ ಅಂತ ಕೊಳ್ಳುವವರಿಗೆ ಇದು ಬೇಡ. ಆ ಬೆಳಕಿಗೆ ಎಫ್8 ಸಾಲದು. ಮಳೆ ನೀರು ಒಳಗೆ ಹೋಗದಂತೆ ತಡೆಯುವ ಸೀಲಿಂಗ್ ಕೂಡ ಇಲ್ಲ, ನಾನು ತುಂತುರಿಗೂ ಹೊರಗೆ ಒಯ್ಯುವುದಿಲ್ಲ.

ಡಿಸೆಂಬರ್ ಬಂದರೆ ಹೆಣ್ಣು ಹಕ್ಕಿ ಗೂಡಿಗೆಂದು ಜೇಡರ ಬಲೆಯ ಎಳೆ ಒಯ್ಯಲು ಶುರುಮಾಡುತ್ತದೆ. ಅಡುಗೆಮನೆ ಕಿಟಕಿಯ ಮೇಲಿನ ಮೂಲೆಯನ್ನು ಆ ತಿಂಗಳುಗಳಲ್ಲಿ ನಾವು ಗುಡಿಸುವುದಿಲ್ಲ.