ಹೊಸ ವಾರ್ಡ್‌ರೋಬ್ ವಾಸನೆಗೆ ಕಿಟಕಿಯೋ, ಏರ್ ಪ್ಯೂರಿಫೈಯರೋ?

ಮನೆ ಕೆಲಸ ಮುಗಿಸಿ ಬಡಗಿಗಳು ಹೋದ ಮೇಲೆ ಹೊಸ ವಾರ್ಡ್‌ರೋಬ್ ಬಾಗಿಲು ತೆಗೆದರೆ ಸಾಕು, ನಮಗೆ ಕಣ್ಣು ಉರಿಯುತ್ತಿತ್ತು. ಪ್ಲೈವುಡ್, ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ) ಹಲಗೆಯ ಅಂಟಿನಿಂದ ಕಣ್ಣು ಉರಿಸುವ ಫಾರ್ಮಾಲ್ಡಿಹೈಡ್ ಅನಿಲ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಹಾಕಿರುವ ಮಿತಿ ಒಂದು ಘನ ಮೀಟರ್ ಗಾಳಿಗೆ 0.1 ಮಿಲಿಗ್ರಾಂ, 30 ನಿಮಿಷದ ಸರಾಸರಿಯಲ್ಲಿ.

ಪ್ಯೂರಿಫೈಯರ್‌ನಲ್ಲಿ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರ್ ಪುಟ್ಟಿ ಉಜ್ಜಿದ ಬಿಳಿ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ. ಅನಿಲ ಮಾತ್ರ ಅದರೊಳಗಿಂದ ಸಲೀಸಾಗಿ ದಾಟಿಹೋಗುತ್ತದೆ. ಅದಕ್ಕೆ ಅನಿಲ ಹೀರುವ ಇದ್ದಿಲಿನ ಫಿಲ್ಟರ್, ಅಂದರೆ ಕಾರ್ಬನ್ ಫಿಲ್ಟರ್ ಬೇಕು. ತೆಳ್ಳಗಿನ ಕಪ್ಪು ಹಾಳೆಯಾದರೆ ಬೇಗ ತುಂಬಿಹೋಗುತ್ತದೆ, ಮತ್ತೆ ದುಡ್ಡು ಹಾಕಬೇಕು. ಫಾರ್ಮಾಲ್ಡಿಹೈಡ್ ಅಂತೂ ಸಾಧಾರಣ ಕಾರ್ಬನ್‌ಗೆ ಸರಿಯಾಗಿ ಅಂಟುವುದೂ ಇಲ್ಲ.

ಕಿಟಕಿ ಅನಿಲವನ್ನೇ ಹೊರಗೆ ಕಳಿಸುತ್ತದೆ. ಎದುರುಬದುರು ಎರಡು ಕಿಟಕಿ ತೆಗೆಯಿರಿ, ಒಂದರಲ್ಲಿ ಹೊರಮುಖವಾಗಿ ಟೇಬಲ್ ಫ್ಯಾನ್ ಇಡಿ. ವಾರ್ಡ್‌ರೋಬ್ ಬಾಗಿಲು, ಡ್ರಾಯರ್ ಎಲ್ಲವೂ ತೆರೆದೇ ಇರಲಿ. ಬಿಸಿಲು, ತೇವ ಜಾಸ್ತಿಯಾದಷ್ಟೂ ಅನಿಲ ಜಾಸ್ತಿ ಹೊರಬರುತ್ತದೆ. ಹಾಗಾಗಿ ಬೇಸಿಗೆಯಲ್ಲಿ, ಮಳೆಗಾಲದಲ್ಲಿ ಮನೆ ಮುಚ್ಚಿಡಬೇಡಿ. ರಸ್ತೆ ಬದಿಯ ಮನೆಯಾದರೆ ವಾಹನ ಕಡಿಮೆ ಇರುವ ಹೊತ್ತು ನೋಡಿಕೊಳ್ಳಿ.

ನನ್ನ ಆಯ್ಕೆ ಮೊದಲು ಕಿಟಕಿ. ಧೂಳಿಗೆ, ಅಥವಾ ಮನೆಯಲ್ಲಿ ಆಸ್ತಮಾ ಇರುವವರಿದ್ದರೆ, ಜೊತೆಗೆ ಪ್ಯೂರಿಫೈಯರ್. ಹಲಗೆಯ ಹಿಂಬದಿ, ಅಂಚುಗಳನ್ನು ಮುಟ್ಟಿ ನೋಡಿ: ಲ್ಯಾಮಿನೇಟ್ ಇಲ್ಲದೆ ಒರಟಾಗಿದ್ದರೆ ಅನಿಲ ಅಲ್ಲಿಂದಲೂ ಹೊರಬರುತ್ತದೆ, ಬಡಗಿಯನ್ನು ಕರೆಸಿ ಮೊದಲು ಅದನ್ನು ಮುಚ್ಚಿಸಿ.